ಅಪ್ಪನ ನೀಲಿ ಅಂಗಿ



ಶಾಲೆಯ ನೆನಪು ಹೇಳಿ ಎಂದು ಕರೆದಿದ್ದೀರಿ. ಈ ಆಫೀಸಿನ ಮೆಟ್ಟಿಲಲ್ಲಿ ನಡೆದ ಒಂದು ಸಣ್ಣ ಸಂಗತಿ ಹೇಳುತ್ತೇನೆ.

ನನ್ನ ಅಪ್ಪ ಅಡಿಕೆ ಮರ ಏರುವವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಸುಳ್ಯ, ಕಡಬದ ತೋಟಗಳಿಗೆ ಹೋಗುತ್ತಿದ್ದರು. ನಾನು ಎಂಟನೇ ತರಗತಿಯಲ್ಲಿದ್ದಾಗ ಅಂಕಪಟ್ಟಿಗೆ ಸಹಿ ಹಾಕಲು ತೋಟದಿಂದ ನೇರ ಇಲ್ಲಿಗೆ ಬಂದರು. ಅಂಗಿಯೆಲ್ಲ ಮೈಲುತುತ್ತಿನ ನೀಲಿ. ಗೆಳೆಯನೊಬ್ಬ "ಯಾರು ಮಾರಾಯ ಅದು?" ಎಂದು ಕೇಳಿದ. "ನಮ್ಮ ಮನೆ ಹತ್ತಿರದವರು" ಎಂದೆ. ಅಪ್ಪ ಎರಡೇ ಮೆಟ್ಟಿಲು ಕೆಳಗಿದ್ದರು. ಆಮೇಲೆ ಶಾಲೆಗೆ ಬಂದಾಗಲೆಲ್ಲ ಒಗೆದ ಬಿಳಿ ಅಂಗಿಯಲ್ಲೇ ಬಂದರು. ನಾನು ಹೆಚ್ಚು ಯೋಚಿಸಲಿಲ್ಲ.

ನಾನು ಬಿಇ ಮುಗಿಸಿ ಬೆಂಗಳೂರು ಸೇರಿದೆ. ಅಪ್ಪ ತೀರಿಕೊಂಡರು. 2020ರಲ್ಲಿ ಮನೆಯಿಂದಲೇ ಕೆಲಸ ಎಂದಾಗ ಊರಿಗೆ ಬಂದೆ. ನಮ್ಮ ಅರ್ಧ ಎಕರೆಗೆ ಮದ್ದು ಬಿಡಲು ಜನ ಸಿಗಲಿಲ್ಲ. ಜಗಲಿಯ ಮೊಳೆಯಲ್ಲಿ ಅಪ್ಪನ ತಳೆ ಹಾಗೇ ನೇತಾಡುತ್ತಿತ್ತು. ಅಪ್ಪನ ಜೊತೆ ದುಡಿದ ಹಿರಿಯರೊಬ್ಬರ ಬಳಿ ಹೋದೆ.

ಅವರು ಮೊದಲು ಮರ ಹತ್ತಿಸಲಿಲ್ಲ, ಮದ್ದು ಕಲಸಲು ಕಲಿಸಿದರು. ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತು, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಬೇಕು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಆಗದು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಇದು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣ ಎಂದು ನಾನು ಇಂಟರ್ನೆಟ್ಟಿನಲ್ಲಿ ಓದಿದ್ದನ್ನು ಹೇಳಿದೆ. "ಇರಲಿ, ಕತ್ತಿ ಅದ್ದು" ಎಂದರು. ಉಜ್ಜಿದ ಕತ್ತಿಯನ್ನು ಅದ್ದಿದಾಗ ಕೆಂಪು ಹಿಡಿದರೆ ತುತ್ತು ಹೆಚ್ಚು, ಇನ್ನಷ್ಟು ಸುಣ್ಣ ಬೇಕು. ಇಲ್ಲದಿದ್ದರೆ ಎಳೆಕಾಯಿ ಸುಡುತ್ತದೆ. ನನ್ನ ಕತ್ತಿ ಎರಡು ಸಲ ಕೆಂಪಾಯಿತು. ಅಪ್ಪ ಹಂಡೆಯ ಬಣ್ಣ ನೋಡಿಯೇ ಹೇಳುತ್ತಿದ್ದರಂತೆ, ಆದರೂ ಕತ್ತಿ ಅದ್ದದೆ ಬಿಡುತ್ತಿರಲಿಲ್ಲವಂತೆ.

ಮರ ಹತ್ತಿದ್ದು ಇನ್ನೊಂದು ಕತೆ. ಮೊದಲ ದಿನ ಆಳೆತ್ತರಕ್ಕೇ ಕಾಲು ನಡುಗಿತು, ಮೊಣಕಾಲ ಚರ್ಮ ಹೋಯಿತು. ಅಪ್ಪ ಒಂದು ಮರದಿಂದ ಪಕ್ಕದ ಮರವನ್ನು ಎಳೆದುಕೊಂಡು ಹಾಗೇ ದಾಟುತ್ತಿದ್ದರು. ನನಗೆ ಇಂದಿಗೂ ಆಗದು. ಗಿಡ್ಡ ಮರಗಳನ್ನಷ್ಟೇ ಏರುತ್ತೇನೆ. "ನೀನು ಓದು, ಮರದ ಬುಡಕ್ಕೆ ಬರಬೇಡ" ಎಂದು ಅಪ್ಪ ಗದರುತ್ತಿದ್ದುದು ಸಿಟ್ಟಿನಿಂದಲ್ಲ ಎಂದು ಮೇಲೆ ಗಾಳಿಗೆ ಮರ ಬಾಗಿದಾಗ ಗೊತ್ತಾಯಿತು.

ಒಂದು ದಿನ ಹಂಡೆಯ ಬಳಿ ಚಾ ಕುಡಿಯುವಾಗ ಆ ಹಿರಿಯರು ಹೇಳಿದರು: "ನಿನ್ನಪ್ಪ ಶಾಲೆಗೆ ಹೋಗುವ ದಿನ ಚೀಲದಲ್ಲಿ ಒಂದು ಬಿಳಿ ಅಂಗಿ ತರುತ್ತಿದ್ದ. ಮಗ ದೊಡ್ಡವನಾಗ್ತಿದ್ದಾನೆ, ಅವನಿಗೆ ನಾಚಿಕೆ ಆಗಬಾರದು ಅಂತಿದ್ದ."

ನಾನು ಚಾ ಲೋಟ ಕೆಳಗಿಟ್ಟೆ. ಏನು ಹೇಳಲೂ ತಿಳಿಯಲಿಲ್ಲ.

ನೀಲಿ ಅಂಗಿಯನ್ನು ಅಮ್ಮ ತೆಗೆದಿಟ್ಟಿದ್ದರು. ಮುಂಗಾರಿಗೆ ಮೊದಲು ಒಮ್ಮೆ, ಸುಮಾರು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, ಈಗ ನಾನು ಅದನ್ನೇ ಹಾಕಿಕೊಳ್ಳುತ್ತೇನೆ. ಹೆಗಲ ಹತ್ತಿರ ಸ್ವಲ್ಪ ಬಿಗಿ.