ಟಿವಿ ಕಾಣಿಸ್ತಿಲ್ವಾ? ಡ್ರೈವರ್ ಕೋಡನ್ನೂ ಒಮ್ಮೆ ನೋಡಿ

ಫೋನಲ್ಲಿ ಕ್ಯಾಸ್ಟ್ ಬಟನ್ ಒತ್ತಿದ್ರಿ, ಟಿವಿ ಹೆಸರು ಬರ್ಲಿಲ್ಲ. ಯೂಟ್ಯೂಬ್ ಮಾತ್ರ ಆರಾಮಾಗಿ ಓಡ್ತಿದೆ. ಎಲ್ಲರೂ ಬೈಯೋದು ರೂಟರ್‌ಗೆ. ಕೆಲವು ಸಲ ತಪ್ಪು ಅದಕ್ಕಿಂತ ಕೆಳಗಿರುತ್ತೆ.

ಫೋನು "ಇಲ್ಲಿ ಯಾರಿದ್ದೀರಿ?" ಅಂತ 224.0.0.251 ಅನ್ನೋ ಗುಂಪಿನ ವಿಳಾಸಕ್ಕೆ ಕೂಗುತ್ತೆ. ಇದೇ ಮಲ್ಟಿಕಾಸ್ಟ್. ಒಬ್ಬರಿಗೂ ಅಲ್ಲ, ಊರಿಗೆಲ್ಲ ಅಲ್ಲ, ಗುಂಪಿಗೆ ಸೇರಿದವರಿಗೆ ಮಾತ್ರ. ಈ ಕೂಗನ್ನ ಒಳಗೆ ಬಿಡೋದು ಬಿಡದೇ ಇರೋದು ನೆಟ್‌ವರ್ಕ್ ಕಾರ್ಡಿನ ಕೆಲಸ. ಯಾವ ಗುಂಪು ಬೇಕು ಅಂತ ಕಾರ್ಡಿಗೆ ಹೇಳಿಕೊಡೋದು ಡ್ರೈವರ್.

ಎಷ್ಟೋ ಕಾರ್ಡುಗಳಲ್ಲಿ ಇದಕ್ಕಿರೋದು ಬರೀ 64 ಬಿಟ್‌ಗಳ ಟೇಬಲ್. ವಿಳಾಸದ ಮೇಲೆ ಸಿಆರ್‌ಸಿ ಲೆಕ್ಕ ಹಾಕಿ, ಬಂದ ಉತ್ತರದಲ್ಲಿ 6 ಬಿಟ್ ತಗೊಂಡು ಒಂದು ಮನೆಗೆ ಟಿಕ್ ಹಾಕ್ತಾರೆ. ಎರಡು ವಿಳಾಸ ಒಂದೇ ಮನೆಗೆ ಬೀಳಬಹುದು. ಪರವಾಗಿಲ್ಲ, ಬೇಡದ್ದು ಒಳಗೆ ಬಂದ್ರೆ ಕರ್ನಲ್ ಎಸೆಯುತ್ತೆ. ಬೇಕಾದ್ದು ಹೊರಗೇ ನಿಂತ್ರೆ? ಯಾರಿಗೂ ಗೊತ್ತೇ ಆಗಲ್ಲ. ಎರರ್ ಮೆಸೇಜೂ ಇಲ್ಲ.

ನಾನು ಬಿಕಾಂ ಓದಿದವನು, ನನಗೆ ಈ ರಿವ್ಯೂ ಆಡಿಟ್ ಥರಾನೇ ಕಾಣುತ್ತೆ. ಲಿನಕ್ಸ್ ಡ್ರೈವರ್‌ನಲ್ಲಿ ಮೊದಲು ನೋಡೋದು, ಪಟ್ಟಿ ಬದಲಾದಾಗ ಹಳೇ ಟಿಕ್ ಅಳಿಸಿ ಹೊಸದಾಗಿ ಬರೀತಾರಾ ಅಂತ. ಕಾರ್ಡಲ್ಲಿ 16 ವಿಳಾಸಕ್ಕೆ ಜಾಗ ಇದೆ ಅಂದ್ಕೊಳ್ಳಿ. 17ನೇದು ಬಂದಾಗ ಸುಮ್ಮನೆ ಬಿಟ್ಟುಬಿಟ್ರೆ ಅದು ತಪ್ಪು. ಆಗ ಎಲ್ಲ ಮಲ್ಟಿಕಾಸ್ಟನ್ನೂ ಒಳಗೆ ಬಿಡೋ ಮೋಡ್‌ಗೆ ಹೋಗಬೇಕು. ಕಾರ್ಡ್ ರೀಸೆಟ್ ಆದ್ಮೇಲೆ ಟೇಬಲ್ ವಾಪಸ್ ತುಂಬಿದಾರಾ? ಇದನ್ನ ಮರೆಯೋದು ಸುಲಭ. ಇನ್ನೊಂದು, ಈ ಫಂಕ್ಷನ್ ಸ್ಪಿನ್‌ಲಾಕ್ ಹಿಡಿದುಕೊಂಡೇ ಓಡುತ್ತೆ, ಒಳಗೆ ನಿದ್ದೆ ಮಾಡೋ ಹಾಗಿಲ್ಲ. ಯುಎಸ್‌ಬಿ ಕಾರ್ಡುಗಳಿಗೆ ಇದು ದೊಡ್ಡ ತಲೆನೋವು.

ಬರೀ ಟಿವಿ ವಿಷಯ ಅಂದ್ಕೋಬೇಡಿ. ಐಪಿವಿ6ನಲ್ಲಿ ಪಕ್ಕದ ಸಾಧನದ ವಿಳಾಸ ಕೇಳೋದೂ ಮಲ್ಟಿಕಾಸ್ಟ್‌ನಲ್ಲೇ, 33:33ರಿಂದ ಶುರುವಾಗೋ ಮ್ಯಾಕ್ ವಿಳಾಸಕ್ಕೆ. ಫಿಲ್ಟರ್ ಕೆಟ್ರೆ ಇಂಟರ್ನೆಟ್ಟೇ ತೊದಲುತ್ತೆ.

ಮಜಾ ಏನ್ ಗೊತ್ತಾ? ಏನಾಗ್ತಿದೆ ನೋಡೋಣ ಅಂತ ಟಿಸಿಪಿಡಂಪ್ ಹಾಕಿದ ತಕ್ಷಣ ಎಲ್ಲ ಸರಿಹೋಗುತ್ತೆ! ಯಾಕಂದ್ರೆ ಅದು ಮಾಮೂಲಾಗಿ ಕಾರ್ಡನ್ನ ಪ್ರಾಮಿಸ್ಕ್ಯುಯಸ್ ಮೋಡ್‌ಗೆ ಹಾಕುತ್ತೆ, ಬಾಗಿಲು ಪೂರ್ತಿ ತೆರೆಯುತ್ತೆ. ನಿಲ್ಲಿಸಿದ್ರೆ ಮತ್ತೆ ಅದೇ ಕಥೆ. ಈ ಲಕ್ಷಣ ಕಂಡ್ರೆ ರೂಟರ್ ಬಿಡಿ, ಮೊದಲು ಫಿಲ್ಟರ್ ಕೋಡ್ ತೆಗೀರಿ.

ಆಂಡ್ರಾಯ್ಡ್ ಆ್ಯಪ್ ಬರೆಯೋರಿಗೆ ಒಂದು ಮಾತು: ಬ್ಯಾಟರಿ ಉಳಿಸೋಕೆ ವೈಫೈನಲ್ಲಿ ಮಲ್ಟಿಕಾಸ್ಟನ್ನ ಬೇಕಂತಲೇ ತಡೀತಾರೆ. ಮಲ್ಟಿಕಾಸ್ಟ್‌ಲಾಕ್ ತಗೊಳ್ಳಿ, ಕೆಲಸ ಮುಗಿದ್ಮೇಲೆ ವಾಪಸ್ ಬಿಡಿ.