ಹತ್ತು ನಿಮಿಷದಲ್ಲಿ ಒಬ್ಬ ಹುಡುಗನನ್ನು ಅಳೆಯೋದು ಹೇಗೆ?



ಕಳೆದ ಭಾನುವಾರ ಎರಡು ಹಾಡುಗಳ ನಡುವೆ ಆಡಿದ ಮಾತಿಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿ, "ಅರ್ಧ ಕೇಳಿದ್ವಿ, ಅಷ್ಟರಲ್ಲಿ ಕರೆಂಟ್ ಹೋಯ್ತು, ಬರೆದು ಹಾಕಿ" ಅಂದಿರಿ. ಅದಕ್ಕೇ ಇಲ್ಲಿ ಪೂರ್ತಿ ಕೊಡ್ತಿದ್ದೀನಿ. ಹಾಡು ಮಾತ್ರ ನೀವೇ ಗುನುಗಿಕೊಳ್ಳಬೇಕು.

ಮೊದಲೇ ಹೇಳಿಬಿಡ್ತೀನಿ, ನಾನು ಕನ್ನಡ ಬಿ.ಎ. ಮಾಡಿದವನು. ಫುಟ್‌ಬಾಲ್ ತರಬೇತಿಗಾರನಲ್ಲ. ನಮ್ಮಪ್ಪ ಬಂಗಾರಪೇಟೆಯಿಂದ ಬಂದು ಪೆರಂಬೂರಿನ ಕೋಚ್ ಕಾರ್ಖಾನೆಗೆ ಸೇರಿದವರು ನಿಜ, ಆದರೆ ಅಲ್ಲಿ ತಯಾರಾಗೋದು ರೈಲಿನ ಕೋಚು! ನನ್ನ ಅರ್ಹತೆ ಒಂದೇ: ಮೂವತ್ತು ದಾಟಿದ ಈ ವಯಸ್ಸಿನಲ್ಲೂ ಸಂಜೆ ಎಲ್ಲಾದರೂ ಚೆಂಡು ಕಂಡರೆ ಸ್ಕೂಟರ್ ನಿಲ್ಲಿಸಿ ನೋಡ್ತೀನಿ. ಪಕ್ಕದಲ್ಲೇ ವ್ಯಾಸರ್ಪಾಡಿ. ಅದನ್ನು ಚೆನ್ನೈನ 'ಮಿನಿ ಬ್ರೆಜಿಲ್' ಅಂತ ಕರೀತಾರೆ. ಇಂಥ ಕಡೆ ಇದ್ದೂ ಫುಟ್‌ಬಾಲ್ ಹಿಡಿಸಲಿಲ್ಲ ಅಂದರೆ ನನ್ನಲ್ಲೇ ಏನೋ ದೋಷ ಇರಬೇಕು.

ವಿಷಯಕ್ಕೆ ಬರ್ತೀನಿ. ನಮ್ಮ ಮೇಲಿನ ಮನೆಯವರು ಕೃಷ್ಣಗಿರಿ ಕಡೆಯ ಕನ್ನಡದವರು. ಅವರ ಮಗನಿಗೆ ಹದಿಮೂರು ವರ್ಷ. ಹೋದ ತಿಂಗಳು ಒಂದು ಆಯ್ಕೆ ಶಿಬಿರ ಇತ್ತು. ಯಾರು ನಡೆಸಿದ್ದು ಅನ್ನೋದು ಬೇಡ. ಅವನಪ್ಪನಿಗೆ ಡ್ಯೂಟಿ ಇತ್ತು, ಹುಡುಗನನ್ನು ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ನೂರಕ್ಕೂ ಹೆಚ್ಚು ಹುಡುಗರು. ಎತ್ತರ ಅಳೆದರು, ತೂಕ ನೋಡಿದರು, ಮೂವತ್ತು ಮೀಟರ್ ಓಡಿಸಿದರು. ಆಮೇಲೆ ಎದೆಗೆ ನಂಬರ್ ಕಟ್ಟಿ ಹತ್ತು ನಿಮಿಷ ಆಡಿಸಿದರು. ಹತ್ತೇ ನಿಮಿಷ! ನಮ್ಮ ಹುಡುಗನ ಕಾಲಿಗೆ ಚೆಂಡು ಬಂದದ್ದು ನಾಲ್ಕು ಸಲ. ಮಧ್ಯಾಹ್ನ ಪಟ್ಟಿ ಓದಿದರು, ಅವನ ನಂಬರ್ ಇರಲಿಲ್ಲ.

ಆ ರಾತ್ರಿ ಅವನ ತಾಯಿ ಕೆಳಗೆ ಬಂದರು. "ಅಣ್ಣಾ, ನೀವು ನಾಲ್ಕು ಜನರಿಗೆ ಹೇಳೋರು, ನಮಗೂ ಒಂದು ಮಾತು ಹೇಳಿ. ಇವನನ್ನ ಆಟದಿಂದ ಬಿಡಿಸಿ ಟ್ಯೂಷನ್‌ಗೆ ಹಾಕಿಬಿಡ್ಲಾ?"

ಮೈಕಿನ ಮುಂದೆ ಗಂಟೆಗಟ್ಟಲೆ ಮಾತಾಡುವ ನನಗೆ ಆಗ ಬಾಯಿ ಬರಲಿಲ್ಲ. "ಒಂದು ವಾರ ಟೈಮ್ ಕೊಡಮ್ಮ" ಅಂದೆ.

ಆ ವಾರವೇ ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನಿಗೆ ಅಲ್ಲಿನ ಫುಟ್‌ಬಾಲ್ ಹುಚ್ಚು. ಅದು ನಮ್ಮ ಆಟವಲ್ಲ, ಶಿರಸ್ತ್ರಾಣ ಹಾಕಿಕೊಂಡು ಕೈಯಲ್ಲಿ ಚೆಂಡು ಹಿಡಿದು ಗುದ್ದಾಡೋದು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ತಂಡ ದಾಳಿಗೆ ಇಳಿದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರೋದು. ಯಾರಿಗೆ ಎಸೀಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು, ಅಷ್ಟರಲ್ಲಿ ನಾಲ್ಕು ಜನ ದೈತ್ಯರು ಮೇಲೆ ಬೀಳೋಕೆ ಬರ್ತಿರ್ತಾರೆ. ಇಂಥವನನ್ನು ಆರಿಸೋಕೆ ಅಲ್ಲಿನ ತಂಡಗಳು ಕೋಟಿಗಟ್ಟಲೆ ಖರ್ಚು ಮಾಡ್ತವೆ. ಎತ್ತರ, ಅಂಗೈ ಅಗಲ, ಓಟ ಎಲ್ಲ ಅಳೀತಾರೆ, ಬುದ್ಧಿಗೂ ಪರೀಕ್ಷೆ ಇಡ್ತಾರೆ.

ಅಷ್ಟೆಲ್ಲ ಮಾಡಿಯೂ 2000ದಲ್ಲಿ ಏನಾಯ್ತು ಗೊತ್ತೇ? ಟಾಮ್ ಬ್ರೇಡಿ ಅನ್ನೋ ಹುಡುಗ 40 ಗಜ ಓಡೋಕೆ 5.28 ಸೆಕೆಂಡ್ ತಗೊಂಡ. ಆ ಆಟಕ್ಕೆ ಅದು ಎತ್ತಿನಗಾಡಿ ವೇಗ. ಮೈಕಟ್ಟೂ ಅಷ್ಟಕ್ಕಷ್ಟೇ. ಅವನಿಗಿಂತ ಮುಂಚೆ ಆರು ಜನ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿದರು. ಇವನ ಸರದಿ ಬಂದದ್ದು 199ನೆಯದಾಗಿ. ಮುಂದೆ ಅವನು ಏಳು ಸಲ ಸೂಪರ್ ಬೌಲ್ ಗೆದ್ದ. 2007ರಲ್ಲಿ ಇದರ ಉಲ್ಟಾ ನಡೆಯಿತು. ಜಮಾರ್ಕಸ್ ರಸೆಲ್ ಅನ್ನೋ ಆಜಾನುಬಾಹುವನ್ನು, ಅವನ ತೋಳಿನ ಬಲ ನೋಡಿ, ಎಲ್ಲರಿಗಿಂತ ಮೊದಲು ಆರಿಸಿದರು. ಮೂರು ಸೀಸನ್‌ಗೆ ಅವನ ಆಟ ಮುಗೀತು.

ನನ್ನ ತಮ್ಮ ಇದರಿಂದ "ಅಳತೆಗಳೆಲ್ಲ ಸುಳ್ಳು ಕಣೋ" ಅಂತ ವಾದ ಮಾಡ್ತಾನೆ. ನಾನು ಒಪ್ಪಲಿಲ್ಲ. ಗಡಿಯಾರ ಸುಳ್ಳು ಹೇಳಿರಲಿಲ್ಲ, ಬ್ರೇಡಿ ನಿಧಾನವೇ. ಆದರೆ ಅವನ ಕೆಲಸ ಓಡೋದಲ್ಲ, ನೋಡೋದು. ನೋಟವನ್ನು ಅಳೆಯೋಕೆ ಟೇಪು ಇಲ್ಲ. ಕೈಯಲ್ಲಿ ಟೇಪು ಇದೆ ಅಂತ ಎತ್ತರವನ್ನೇ ಅಳೆದು ಮುಗಿಸಿಬಿಡ್ತೀವಿ.

ನಮ್ಮ ಫುಟ್‌ಬಾಲಿನಲ್ಲಿ ಆ ಕೆಲಸ ಮೈದಾನದ ನಡುವೆ ಆಡೋನದು. ಕ್ರೊಯೇಷಿಯಾದ ಲೂಕಾ ಮಾಡ್ರಿಚ್ ಚಿಕ್ಕವನಿದ್ದಾಗ ಹೈದುಕ್ ಸ್ಪ್ಲಿಟ್ ಅನ್ನೋ ದೊಡ್ಡ ಕ್ಲಬ್ಬು ಅವನು ಪೀಚಲು ಅಂತ ಬೇಡ ಅಂದಿತ್ತು. 2018ರಲ್ಲಿ ಅವನು ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪಡೆದ. ಅಷ್ಟು ದೂರ ಯಾಕೆ, ನಮ್ಮ ವ್ಯಾಸರ್ಪಾಡಿಯ ಧನಪಾಲ್ ಗಣೇಶ್ ಇಲ್ಲವೇ? 2017-18ರಲ್ಲಿ ಐಎಸ್ಎಲ್ ಗೆದ್ದ ಚೆನ್ನೈಯಿನ್ ತಂಡದ ನಡುಭಾಗದಲ್ಲಿ ಆಡಿದವನು. ಫೈನಲ್ ನಡೆದದ್ದು ಬೆಂಗಳೂರಿನ ಕಂಠೀರವದಲ್ಲಿ, ಬೆಂಗಳೂರಿನ ಮೇಲೇ, 3-2. ಚೆನ್ನೈ ಕನ್ನಡಿಗರಾದ ನಾವು ಆವತ್ತು ನಗಬೇಕೋ ಅಳಬೇಕೋ ಗೊತ್ತಾಗದೆ ಟಿವಿ ಮುಂದೆ ಕೂತಿದ್ವಿ, ನೆನಪಿದೆಯಲ್ಲ? (2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಮಾತ್ರ ಯಾವ ಗೊಂದಲವೂ ಇಲ್ಲದೆ ಸಿಹಿ ಹಂಚಿದೆ.)

ಹಾಗಾದರೆ ಏನನ್ನು ನೋಡಬೇಕು? ರಸ್ತೆಬದಿ ನಿಂತು ನೋಡಿದವನ ಅಭಿಪ್ರಾಯ ಹೇಳ್ತೀನಿ, ತಪ್ಪಿದ್ದರೆ ಬೈಯಿರಿ. ಚೆಂಡು ಕಾಲಿಗೆ ಬರೋ ಮೊದಲು ಹುಡುಗ ಕತ್ತು ತಿರುಗಿಸಿ ಹಿಂದೆ ಮುಂದೆ ನೋಡ್ತಾನಾ? ಇಂಗ್ಲೆಂಡಿನ ಲೀಗಿನ ಆಟಗಾರರ ಮೇಲೆ ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇದನ್ನೇ ಅಧ್ಯಯನ ಮಾಡಿದರು. ಹೆಚ್ಚು ಸಲ ಸುತ್ತ ನೋಡುವವರ ಪಾಸು ಹೆಚ್ಚು ಸಲ ಸರಿಯಾಗಿ ತಲುಪುತ್ತೆ ಅಂತ ಕಂಡರು. ನನ್ನದೇ ಇನ್ನೊಂದು ಅಳತೆ ಇದೆ. ಇಕ್ಕಟ್ಟಿಗೆ ಸಿಕ್ಕಾಗ ಜೊತೆಯ ಹುಡುಗರು ಚೆಂಡನ್ನು ಯಾರ ಕಡೆ ಒದೀತಾರೆ? ಆಡೋ ಮಕ್ಕಳಿಗೆ ಆಯ್ಕೆದಾರರಿಗಿಂತ ಚೆನ್ನಾಗಿ ಗೊತ್ತಿರುತ್ತೆ. ನಮ್ಮ ಬೀದಿಯಲ್ಲಿ ಚೆಂಡು ಹೋಗೋದು ಮೇಲಿನ ಮನೆಯ ಹುಡುಗನ ಕಡೆಗೇ. ಆಯ್ಕೆ ಶಿಬಿರದಲ್ಲಿ ಅವನ ಸುತ್ತ ಇದ್ದವರೆಲ್ಲ ಅಪರಿಚಿತರು. ತಾನು ಕಾಣಿಸಿಕೊಳ್ಳಬೇಕು ಅಂತ ಎಲ್ಲರೂ ಒಬ್ಬೊಬ್ಬರೇ ಗೋಲಿನ ಕಡೆ ನುಗ್ಗುತ್ತಿದ್ದರು. ಪಾಸು ಕೊಡುವ ಹುಡುಗನಿಗೆ ಅಲ್ಲಿ ಏನು ಕೆಲಸ?

ಇನ್ನೊಂದು ಸಂಗತಿ. ಅವನು ಹುಟ್ಟಿದ್ದು ಡಿಸೆಂಬರಿನಲ್ಲಿ. ವಯಸ್ಸಿನ ಲೆಕ್ಕ ಜನವರಿಯಿಂದ. ಜೊತೆಗೆ ನಿಂತವನು ಹನ್ನೊಂದು ತಿಂಗಳು ದೊಡ್ಡವನಿರಬಹುದು. ಹದಿಮೂರನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ನಾಲ್ಕು ಬೆರಳು ಎತ್ತರ, ಮೀಸೆಯ ಚಿಗುರು! ಯುರೋಪಿನ ಕ್ಲಬ್ಬುಗಳ ಕಿರಿಯರ ತಂಡಗಳಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅನ್ನೋದು ಬಹಳ ಹಿಂದೆಯೇ ಗೊತ್ತಾದ ವಿಷಯ. ಆ ದಿನ ನಮ್ಮಲ್ಲಿ ಯಾರೂ ಹುಟ್ಟಿದ ತಿಂಗಳು ನೋಡಿದ ಹಾಗೆ ಕಾಣಲಿಲ್ಲ.

ಆಯ್ಕೆದಾರರನ್ನು ನಾನು ಬೈತಿಲ್ಲ. ನೂರು ಮಕ್ಕಳು, ಒಂದು ದಿನ, ಸುಡು ಬಿಸಿಲು. ಯಾರನ್ನಾದರೂ ಬಿಡಲೇಬೇಕು. ಬಿಡೋದೂ ಒಂದು ಉಪಕಾರವಾಗಬಹುದು. 1987ರಲ್ಲಿ ಇದೇ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ವೇಗದ ಬೌಲರ್ ಆಗ್ತೀನಿ ಅಂತ ಮುಂಬೈನಿಂದ ಒಬ್ಬ ಹುಡುಗ ಬಂದಿದ್ದ. ಡೆನಿಸ್ ಲಿಲ್ಲಿ ನೋಡಿ, ಬೌಲಿಂಗ್ ಬಿಡು, ಬ್ಯಾಟಿಂಗ್ ಕಡೆ ಗಮನ ಕೊಡು ಅಂದರು. ಹುಡುಗನ ಹೆಸರು ಸಚಿನ್ ತೆಂಡೂಲ್ಕರ್. ಅಲ್ಲಿ ಬೇಡ ಅಂದವರು ಏನು ಮಾಡು ಅಂತಲೂ ಹೇಳಿದ್ದರು. ನಮ್ಮ ಹುಡುಗನಿಗೆ ಯಾರೂ ಒಂದು ಮಾತು ಹೇಳಲಿಲ್ಲ. ವಾಪಸ್ ಬರುವಾಗ ಸಬ್‌ವೇ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಹಿಂದಿನಿಂದ ಕೇಳಿದ: "ಅಂಕಲ್, ನನ್ನದು ಏನು ತಪ್ಪಾಯ್ತು ಅಂತ ಅವರು ನಿಮಗೇನಾದರೂ ಹೇಳಿದ್ರಾ?"

ಅದಕ್ಕೇ ಅವನ ನಂಬರ್ ಹಾಕಿ ಆಯ್ಕೆ ನಡೆಸಿದವರಿಗೆ ಒಂದು ಕಾಗದ ಬರೆದೆ. ಓಟ ಕಡಿಮೆಯೋ, ಎಡಗಾಲು ಸಾಲದೋ, ಒಂದೇ ಒಂದು ಸಾಲು ತಿಳಿಸಿ ಅಂತ. ಇವತ್ತಿನವರೆಗೆ ಉತ್ತರ ಬಂದಿಲ್ಲ.

ಅವನ ತಾಯಿಗೆ ಏನು ಹೇಳಿದೆ ಅಂತ ಕೇಳ್ತೀರಿ. "ಇವನು ದೊಡ್ಡ ಆಟಗಾರ ಆಗ್ತಾನೆ ಅಂತ ನಾನು ಭರವಸೆ ಕೊಡಲಾರೆ ಅಮ್ಮ. ಆದರೆ ಹತ್ತು ನಿಮಿಷ, ನಾಲ್ಕು ಚೆಂಡು ನೋಡಿ ಆಗೋದಿಲ್ಲ ಅಂತ ಹೇಳೋಕೂ ಬರೋದಿಲ್ಲ. ಇನ್ನೊಂದು ವರ್ಷ ಬಿಡಿ" ಅಂದೆ. ಅವರು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಸದ್ಯಕ್ಕೆ ರಾಜಿ ಹೀಗಾಗಿದೆ: ಸಂಜೆ ಗಣಿತದ ಟ್ಯೂಷನ್, ಬೆಳಗ್ಗೆ ಐದೂವರೆಗೆ ಆಟ. ಎಡಗಾಲಿನ ಅಭ್ಯಾಸಕ್ಕೆ ನಮ್ಮ ಮನೆಯ ಕಾಂಪೌಂಡ್ ಗೋಡೆ. ನನ್ನ ಬೆಳಗಿನ ನಿದ್ದೆ ಹೋಯ್ತು, ಆ ಮಾತು ಬೇರೆ.

ನಿಮ್ಮಲ್ಲಿ ಯಾರಾದರೂ ಮಕ್ಕಳಿಗೆ ಆಟ ಕಲಿಸುವವರಿದ್ದರೆ, ಹುಡುಗನನ್ನು ಬೇಡ ಅನ್ನುವಾಗ ಕಾರಣ ಹೇಳ್ತೀರಾ, ಹೇಗೆ ಹೇಳ್ತೀರಾ ಅಂತ ನಮಗೆ ಬರೆಯಿರಿ. ಮುಂದಿನ ಭಾನುವಾರ ಓದಿ ಹೇಳ್ತೀನಿ. ಅಲ್ಲಿವರೆಗೆ, ನಮಸ್ಕಾರ.