ತಿಪ್ಪೆಯಲ್ಲಿ ದೊರೆತ ನಿಧಿ

ಅಂಗಳ ಗುಡಿಸಿ ತಿಪ್ಪೆಗೆ ಹಾಕಿದ ತರಗೆಲೆ ಕೆಲವು ತಿಂಗಳಲ್ಲಿ ಗೊಬ್ಬರವಾಗುವುದನ್ನು ನೀವೆಲ್ಲ ಬಲ್ಲಿರಿ. ಅದರ ಜೊತೆಯಲ್ಲೇ ಬಿದ್ದ ಪ್ಲಾಸ್ಟಿಕ್ ಬಾಟಲಿಯಾದರೋ ವರ್ಷಗಳು ಉರುಳಿದರೂ ಇದ್ದಂತೆಯೇ ಇರುತ್ತದೆ. ಇದೇಕೆ ಹೀಗೆ?

ಎಲೆಯನ್ನು ಕರಗಿಸುವುದು ಸೂಕ್ಷ್ಮಜೀವಿಗಳ ಕೆಲಸ. ಎಲೆಯ ಮೈಮೇಲೆ ಕ್ಯೂಟಿನ್ ಎಂಬ ವಸ್ತುವಿನ ತೆಳುಪೊರೆಯುಂಟು. ಅದನ್ನು ಕತ್ತರಿಸಲು ಕೆಲವು ಸೂಕ್ಷ್ಮಜೀವಿಗಳು ಕಿಣ್ವವೊಂದನ್ನು ಸ್ರವಿಸುತ್ತವೆ. ಆ ಕಿಣ್ವವನ್ನು ತಯಾರಿಸುವ ಕ್ರಮ ಅವುಗಳ ವಂಶವಾಹಿಯಲ್ಲಿ ಅಡಗಿರುತ್ತದೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೆ ಪಿ.ಇ.ಟಿ. ಎಂದು ಹೆಸರು. ಸೋಜಿಗವೆಂದರೆ, ಕ್ಯೂಟಿನ್ನಿನ ಕಣಗಳನ್ನು ಹೆಣೆದಿರುವ ಕೊಂಡಿಯೂ ಇದರ ಕೊಂಡಿಯೂ ಒಂದೇ ಜಾತಿಯವು. ಹಾಗಾದರೆ ಒಂದರ ಕತ್ತರಿ ಇನ್ನೊಂದಕ್ಕೂ ನಡೆಯಬಾರದೇಕೆ?

ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಪ್ರಯೋಗಶಾಲೆಯಲ್ಲಿ ಬೆಳೆಯಲೊಲ್ಲವು. ಆದುದರಿಂದ ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದವರು ಬೇರೆ ದಾರಿ ಹಿಡಿದರು. ಎಲೆಕಡ್ಡಿಗಳ ಗೊಬ್ಬರದಿಂದ ವಂಶವಾಹಿಗಳನ್ನೇ ನೇರವಾಗಿ ಬೇರ್ಪಡಿಸಿ, ಸಾಕಿದ ಬ್ಯಾಕ್ಟೀರಿಯಗಳಲ್ಲಿ ಸೇರಿಸಿ ಪರೀಕ್ಷಿಸಿದರು. ಒಡೆಯನನ್ನು ಹಿಡಿಯದೆಯೇ ಅವನ ಸೊತ್ತು ಕೈಸೇರಿತು! ಆ ವಂಶವಾಹಿಯ ಕಿಣ್ವ ಪಿ.ಇ.ಟಿ.ಯನ್ನೂ ಕತ್ತರಿಸುವುದೆಂದು ಅವರು 2012ರಲ್ಲಿ ಪ್ರಕಟಿಸಿದರು.

2016ರಲ್ಲಿ ಅದೇ ದೇಶದ ಸಕಾಯ್ ನಗರದಿಂದ ಇನ್ನೊಂದು ಸುದ್ದಿ ಬಂತು. ಹಳೆಯ ಬಾಟಲಿಗಳನ್ನು ಸಂಸ್ಕರಿಸುವ ಸ್ಥಳದ ಕೊಳೆಯಲ್ಲಿ, ಪಿ.ಇ.ಟಿ.ಯನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯವೊಂದು ದೊರೆತಿತ್ತು. 30 ಡಿಗ್ರಿ ಶಾಖದಲ್ಲಿ ತೆಳುವಾದ ಹಾಳೆಯನ್ನು ಅದು ಸುಮಾರು 6 ವಾರಗಳಲ್ಲಿ ತಿಂದು ಮುಗಿಸಿತು.

ಗೊಬ್ಬರದ ಕಿಣ್ವವನ್ನು ಫ್ರಾನ್ಸಿನ ವಿಜ್ಞಾನಿಗಳು ಅಲ್ಲಲ್ಲಿ ತಿದ್ದಿ ಬಲಪಡಿಸಿದರು. ಸಂಸ್ಕರಿಸಿ ಪುಡಿಮಾಡಿದ ಬಾಟಲಿಯಲ್ಲಿ ಕನಿಷ್ಠ ನೂರಕ್ಕೆ 90 ಪಾಲನ್ನು ಅದು 72 ಡಿಗ್ರಿ ಶಾಖದಲ್ಲಿ 10 ಗಂಟೆಗಳೊಳಗೆ ಮೂಲದ್ರವ್ಯಗಳಾಗಿ ಬಿಡಿಸಿತೆಂದು 2020ರಲ್ಲಿ ತಿಳಿಸಿದರು. ಆ ದ್ರವ್ಯದಿಂದ ಹೊಸ ಬಾಟಲಿಯನ್ನೂ ಮಾಡಿದರು.

ಹಾಗೆಂದು, ಇನ್ನು ಬಾಟಲಿಯನ್ನು ಎಲ್ಲಿ ಎಸೆದರೂ ಆದೀತೆಂದು ತಿಳಿಯಬೇಡಿ. ಆ ಪುಡಿ, ಆ ಶಾಖ ಕಾರ್ಖಾನೆಯಲ್ಲಿ ಸಿಕ್ಕಾವೇ ಹೊರತು ಚರಂಡಿಯಲ್ಲಿ ಅಲ್ಲ. ಪಾಲಿಥೀನ್ ಚೀಲದ ಕೊಂಡಿಗಳೇ ಬೇರೆ. ಈ ಕತ್ತರಿ ಅಲ್ಲಿ ಮೊಂಡು. ಹಸಿ ಕಸದೊಡನೆ ಬೆರೆಯದೆ ಬೇರೆಯಾಗಿ ಬಂದ ಬಾಟಲಿಯೇ ಈ ವಿದ್ಯೆಗೆ ಒದಗುವುದು. ಆ ಬೇರ್ಪಡಿಸುವ ಕೆಲಸಕ್ಕೆ ಯಾವ ಸೂಕ್ಷ್ಮಜೀವಿಯೂ ಬರುವುದಿಲ್ಲ. ಅದು ನಿಮ್ಮ, ನನ್ನ ಮನೆಯ ಅಡುಗೆಮನೆಯಲ್ಲೇ ಆಗಬೇಕು.